ನಾಲಿಗೆ ಹೊರಳದವರ ಮಾತು

'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುತ್ತೇವೆ. ಮಾತೇ ಹೊರಡದವರ ಪಾಡೇನು? ನಮ್ಮ ದೊಡ್ಡಬಳ್ಳಾಪುರದ ಕಡೆ ಅಂಥ ಮಗುವನ್ನು 'ಮೂಗ' ಎಂದು ಕರೆದು, ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದರು. ನಾಲಿಗೆ ನಿಂತರೆ ಬುದ್ಧಿಯೂ ನಿಂತಿತೆಂದೇ ಜನರ ಎಣಿಕೆ.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮಾತಿನ ತೊಂದರೆಯನ್ನು ಪರೀಕ್ಷಿಸಿ ತಿದ್ದುವ ತಜ್ಞರು ಅಲ್ಲಿ ತಯಾರಾದರು. ಮಿದುಳಿಗೆ ಪೆಟ್ಟಾಗಿ ತುಟಿ, ನಾಲಿಗೆ ಹಿಡಿತಕ್ಕೆ ಸಿಗದ ಮಗುವಿಗೂ ಹೇಳುವುದಿರುತ್ತದೆ. ಚಿತ್ರದ ಹಲಗೆಯನ್ನೋ ಅಕ್ಷರದ ಹಲಗೆಯನ್ನೋ ಮುಂದಿಟ್ಟರೆ ಬೆರಳಿನಿಂದ, ಕಣ್ಣಿನಿಂದ ತೋರಿಸಿ ಹೇಳುತ್ತದೆ. 1985ರಲ್ಲಿ ದನಿ ಕಳೆದುಕೊಂಡ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಕಂಪ್ಯೂಟರೇ ಬಾಯಾಯಿತು. 2001ರಲ್ಲಿ ಅವರು ಭಾರತಕ್ಕೂ ಬಂದು ಉಪನ್ಯಾಸ ಕೊಟ್ಟರು.

ಅವರ ಇಂಗ್ಲಿಷಿಗೆ 26 ಅಕ್ಷರ ಸಾಕು. ನಾವು ತರಗತಿಯಲ್ಲಿ ಬರೆಸುವ ಕಾಗುಣಿತಕ್ಕೋ, 34 ವ್ಯಂಜನಕ್ಕೆ ಹದಿನೈದರಂತೆ 510 ಮನೆ ಬೇಕು! ನಡುಗುವ ಬೆರಳು ಎಲ್ಲೆಂದು ಹುಡುಕೀತು? ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ವ್ಯಂಜನ ಒತ್ತಿ ಸ್ವರ ಒತ್ತಿದರೆ ಕಾಗುಣಿತ ತಾನೇ ಕೂಡಿಕೊಳ್ಳುತ್ತದೆ. ಎಲ್ಲ ಕನ್ನಡಿಗರಿಗೂ ಆದ ಈ ಅನುಕೂಲ ಇಂಥ ಮಕ್ಕಳಿಗೆ ಇನ್ನೂ ದೊಡ್ಡದು.

ನಮ್ಮ ಬೀದಿಯ ಮಗ್ಗದವರ ಹುಡುಗಿ ನರಳಿದಾಗಲೆಲ್ಲ ತಾಯಿ ನೀರು ಕುಡಿಸುತ್ತಿದ್ದಳು. ರಟ್ಟಿನ ಮೇಲೆ ಅಕ್ಷರ ಬರೆದುಕೊಟ್ಟು ಕಲಿಸಿದ ಮೇಲೆ ಅವಳು ಮೊದಲು ತೋರಿಸಿದ್ದು: 'ನೀರು ಬೇಡ. ಶಾಲೆ.'

ತಾಯಂದಿರೇ, ಹಲಗೆ ಹಿಡಿದರೆ ಬರುವ ಮಾತೂ ನಿಂತೀತೆಂಬ ಭಯ ಬೇಡ, ಹಾಗಾಗುವುದಿಲ್ಲ. ಹರಕೆ ಹೊತ್ತುಕೊಳ್ಳಿ, ಜೊತೆಗೆ ಮಗುವನ್ನು ಬೇಗ ತಜ್ಞರಿಗೆ ತೋರಿಸಿ.