ಅಜ್ಜಯ್ಯನ ಕೋವಿ, ತೆಂಗಿನ ಕತ್ತ

ಶಿರೂರಿನ ನಮ್ಮನೆಯಲ್ಲಿ ಅಜ್ಜಯ್ಯನ ಎರಡು ಕೋವಿ ಇದ್ದವು. ಒಂದು ಕೇಪಿನದು, ಇನ್ನೊಂದು 12 ಬೋರಿನ ತೋಟೆ ಕೋವಿ.

ಕೇಪಿನದಕ್ಕೆ ನಳಿಗೆಯ ಬಾಯಿಂದಲೇ ಎಲ್ಲ ತುಂಬಬೇಕು. ಮೊದಲು ಮದ್ದು, ಅದರ ಮೇಲೆ ತೆಂಗಿನ ಕತ್ತವನ್ನು ಕೋಲಿನಿಂದ ಜಡಿದು, ಆಮೇಲೆ ಚರೆ, ಮತ್ತೆ ಕತ್ತ. "ಮಾಣಿ, ಕತ್ತ ಸಡ್ಲ ಆರೆ ಈಡ್ ಹಾಳ್" ಅಂತಿದ್ರು ಅಜ್ಜಯ್ಯ. ನಿಜವೇ. ಮದ್ದು ಉರಿದಾಗ ಹುಟ್ಟುವ ಅನಿಲ ಸಂದಿಯಲ್ಲಿ ನುಸುಳಿದರೆ ಚರೆಗೆ ವೇಗ ಸಿಗಲ್ಲ. ತೋಟೆಯೊಳಗೆ ಇದೇ ಕೆಲಸಕ್ಕೆ ಫೆಲ್ಟ್ ಬಿಲ್ಲೆ ಇರ್ತಿತ್ತು. 1960ರ ದಶಕದಲ್ಲಿ ಪ್ಲಾಸ್ಟಿಕ್ ಬಂತು.

ಆಗಿನ ತೋಟೆಯ ಸಿಪ್ಪೆ ಕಾಗದದ್ದು. ನಮ್ಮ ಮಳೆಗಾಲ ಗೊತ್ತಲ್ಲ? ತೇವಕ್ಕೆ ಉಬ್ಬಿದ್ರೆ ನಳಿಗೆಯೊಳಗೆ ಹೋಗೋದೇ ಇಲ್ಲ. ಹಾಗಾಗಿ ಅಜ್ಜಯ್ಯನ ತೋಟೆಗಳು ಅಕ್ಕಿ ಡಬ್ಬಿಯಲ್ಲಿ! ಅಜ್ಜಮ್ಮನಿಗೆ ಸಿಟ್ಟು.

ಚರೆಯ ಲೆಕ್ಕ ತಲೆಕೆಳಗು: ನಂಬರ್ ಏರಿದಷ್ಟೂ ಕಾಳು ಸಣ್ಣ. ಹಸಿರು ಪಾರಿವಾಳಕ್ಕೆ 6 ನಂಬರ್, ಹಂದಿಗೆ ದಪ್ಪ ಎಲ್‌ಜಿ. ಕತ್ತಲಲ್ಲಿ ತೋಟೆ ಅದಲು ಬದಲಾದರೆ ಗಾಯಗೊಂಡ ಹಂದಿ ನಿಮ್ಮ ಕಡೆಗೇ ತಿರುಗುತ್ತೆ.

1972ರ ವನ್ಯಜೀವಿ ಕಾಯ್ದೆಯಡಿ ಹಸಿರು ಪಾರಿವಾಳದ ಬೇಟೆ ಈಗ ಅಪರಾಧ. ನಮ್ಮ ಲೈಸೆನ್ಸ್ ಈಗ ಬೆಳೆ ರಕ್ಷಣೆಗೆ ಮಾತ್ರ. ಚುನಾವಣೆ ಬಂತೆಂದರೆ ಅಪ್ಪ ಕೋವಿಯನ್ನು ಠಾಣೆಯಲ್ಲಿಟ್ಟು ಬರ್ತಾರೆ. ಅದು ವಾಪಸ್ ಬರೋವರೆಗೆ ಗದ್ದೆಯಲ್ಲಿ ಹಂದಿಗಳದ್ದೇ ಹಬ್ಬ.