ಖಂಡಸ್ಫುಟಿತ ಜೀರ್ಣೋದ್ಧಾರ: ಲಿನಕ್ಸ್ ಕರ್ನಲಿನ ಒಂದು ದುರಸ್ತಿಯ ಇತಿಹಾಸ (2005–2006)

ಕನ್ನಡ ನಾಡಿನ ದಾನಶಾಸನಗಳನ್ನು ಪರಿಶೀಲಿಸಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವು ಸುಪರಿಚಿತವಾದುದು. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಪೂಜೆ ನೈವೇದ್ಯಗಳೊಡನೆ, ಮುಂದೆ ಒಡೆದು ಬಿರಿಯುವ ಭಾಗಗಳ ದುರಸ್ತಿಗೂ ಏರ್ಪಾಡು ಮಾಡುವುದು ವಾಡಿಕೆಯಾಗಿದ್ದಿತು. ಆದರೆ ಬಿರುಕನ್ನು ಮೊದಲು ಕಂಡವರಾರು, ಅದನ್ನು ಮುಚ್ಚುವ ಬಗೆಯಲ್ಲಿ ಭಿನ್ನಾಭಿಪ್ರಾಯವಿದ್ದಿತೇ, ಮೊದಲ ದುರಸ್ತಿಯೇ ಕೊನೆಯದಾಯಿತೇ ಎಂಬ ಪ್ರಶ್ನೆಗಳಿಗೆ ಶಾಸನಗಳು ಸಾಮಾನ್ಯವಾಗಿ ಉತ್ತರವೀಯುವುದಿಲ್ಲ. ಇಂತಹ ಪ್ರಶ್ನೆಗಳಿಗೆ ದಿನಾಂಕಸಹಿತವಾಗಿ ಉತ್ತರ ಕೊಡಬಲ್ಲ ಆಕರವೊಂದು ನಮ್ಮ ಕಾಲದಲ್ಲಿ ಬೆಳೆದುಬಂದಿದೆ. ಅದು ಲಿನಕ್ಸ್ ಕರ್ನಲಿನ ಬದಲಾವಣೆಗಳ ದಾಖಲೆ. ಅದರೊಳಗಿನ, ಬೆಂಗಳೂರಿಗೆ ಸಂಬಂಧಿಸಿದ ಒಂದು ಪ್ರಕರಣವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಲ್ ಎಂಬುದು ಗಣಕಯಂತ್ರದ ಕಾರ್ಯವ್ಯವಸ್ಥೆಯ ತಿರುಳು. ಯಂತ್ರದ ಸ್ಮೃತಿ, ಕಾಲ, ಕಡತಗಳನ್ನು ಇತರ ಕ್ರಮವಿಧಿಗಳಿಗೆ ಹಂಚಿಕೊಡುವುದು ಅದರ ಕೆಲಸ. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನುಗಳಿಗೂ ಆಧಾರವಾಗಿರುವುದರಿಂದ, ರಾಯಚೂರು ಸೀಮೆಯ ಗುಂಜಹಳ್ಳಿಯಂತಹ ಊರಿನ ವಿದ್ಯಾರ್ಥಿಯ ಕೈಯಲ್ಲಿಯೂ ಅದು ಇದೆಯೆಂದರೆ ಅತಿಶಯೋಕ್ತಿಯಾಗದು. ಹಳೆಯ ಆವೃತ್ತಿಯಲ್ಲಿ ಸರಿಯಾಗಿ ನಡೆಯುತ್ತಿದ್ದುದು ಹೊಸ ಆವೃತ್ತಿಯಲ್ಲಿ ಕೆಟ್ಟರೆ ಅದನ್ನು ‘ರಿಗ್ರೆಷನ್’, ಅಂದರೆ ಹಿನ್ನಡೆ, ಎಂದು ಕರೆಯುತ್ತಾರೆ. ಬಳಕೆದಾರನಿಗೆ ಹಿನ್ನಡೆಯಾಗಕೂಡದೆಂಬುದು ಟೊರ್ವಾಲ್ಡ್ಸ್ ಅವರು ಪಟ್ಟುಹಿಡಿದು ಕಾಯ್ದುಕೊಂಡು ಬಂದ ನಿಯಮ. ಈ ನಿಯಮವು ಆಚರಣೆಯಲ್ಲಿ ಹೇಗೆ ನಡೆಯುತ್ತದೆಂಬುದೇ ಇಲ್ಲಿಯ ಪ್ರಶ್ನೆ.

ಬೆಂಗಳೂರಿನ ಐ.ಬಿ.ಎಂ. ಸಾಫ್ಟ್‌ವೇರ್ ಪ್ರಯೋಗಾಲಯದ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ದೀಪಂಕರ ಶರ್ಮಾ ಅವರ ಪ್ರಯತ್ನದಿಂದ ಆರ್.ಸಿ.ಯು. ಎಂಬ ವಿಧಾನವು 2002ರ ಅಕ್ಟೋಬರಿನಲ್ಲಿ, 2.5.43ನೆಯ ಆವೃತ್ತಿಯಲ್ಲಿ, ಲಿನಕ್ಸನ್ನು ಸೇರಿತು. ಅದರ ತತ್ತ್ವವನ್ನು ಗ್ರಂಥಾಲಯದ ಉದಾಹರಣೆಯಿಂದ ತಿಳಿಯಬಹುದು. ಗ್ರಂಥಸೂಚಿಯನ್ನು ಪರಿಷ್ಕರಿಸುವಾಗ ಓದುತ್ತಿರುವವರನ್ನು ತಡೆಯುವುದಿಲ್ಲ. ಹೊಸ ಪ್ರತಿಯನ್ನು ಮೇಜಿನ ಮೇಲಿಟ್ಟು, ಹಳೆಯದನ್ನು ಹಿಡಿದವರೆಲ್ಲರೂ ಓದಿ ಮುಗಿಸಿದ ತರುವಾಯ ಅದನ್ನು ವಿಸರ್ಜಿಸಲಾಗುತ್ತದೆ. ಇದರಿಂದ ಓದುವ ಕೆಲಸ ಶೀಘ್ರವಾಗುತ್ತದೆ. ಆದರೆ ವಿಸರ್ಜನೆಯು ತಡವಾಗುತ್ತದೆ. ಈ ವಿಸರ್ಜನೆಯೇ ಯಂತ್ರದ ಇತರ ಕೆಲಸಗಳನ್ನು ತಡೆದು ನಿಲ್ಲಿಸಬಾರದೆಂದು, ಒಂದು ಸರದಿಗೆ 10ರಂತೆ ಮಾತ್ರ ವಿಸರ್ಜಿಸುವ ಮಿತಿಯನ್ನು ಶರ್ಮಾ ಅವರು ವಿಧಿಸಿದ್ದರು. ಆ ಮಿತಿಯು ಸಕಾರಣವಾದುದೇ ಆಗಿದ್ದಿತು.

2005ರಲ್ಲಿ, 2.6.14ನೆಯ ಆವೃತ್ತಿಯ ಸಿದ್ಧತೆಯ ಕಾಲದಲ್ಲಿ, ತೆರೆದ ಕಡತಗಳ ನಿರ್ವಹಣೆಗೂ ಇದೇ ವಿಧಾನವನ್ನು ಅನ್ವಯಿಸಲಾಯಿತು. ಆ ವರ್ಷದ ಅಕ್ಟೋಬರಿನಲ್ಲಿ, ಆವೃತ್ತಿಯು ಹೊರಬೀಳಲು ಕೆಲವೇ ದಿನಗಳಿದ್ದಾಗ, ಕಡತಗಳ ಗರಿಷ್ಠ ಮಿತಿ ತಲುಪಿತೆಂದು ಕರ್ನಲು ಅಕಾರಣವಾಗಿ ಸಾರುತ್ತಿದೆಯೆಂಬ ದೂರು ಬಂದಿತು. ಕಾರಣವು ವಿಚಿತ್ರವಾಗಿದ್ದಿತು. ಕ್ರಮವಿಧಿಯೊಂದು ಕಡತವನ್ನು ಎಡೆಬಿಡದೆ ತೆರೆದು ಮುಚ್ಚುತ್ತಿದ್ದರೆ, ಮುಚ್ಚಿದ ಕಡತಗಳ ಒಕ್ಕಣೆಗಳು ವಿಸರ್ಜನೆಗಾಗಿ ಕಾದು ಸಾಲುಗಟ್ಟುತ್ತಿದ್ದವು. ಸರದಿಗೆ ಹತ್ತರಂತೆ ಕರಗುವ ಸಾಲು, ಕರಗುವುದಕ್ಕಿಂತ ವೇಗವಾಗಿ ಬೆಳೆಯುತ್ತಿದ್ದಿತು. ಲೆಕ್ಕವಾದರೋ ವಿಸರ್ಜನೆಯಾದ ಮೇಲೆಯೇ ಇಳಿಯುತ್ತಿದ್ದುದರಿಂದ, ಮುಚ್ಚಿದ ಕಡತಗಳೂ ತೆರೆದವೆಂದೇ ಪರಿಗಣಿತವಾಗುತ್ತಿದ್ದವು. ಹೀಗೆ ತಪ್ಪೇನನ್ನೂ ಮಾಡದ ಬಳಕೆದಾರನಿಗೆ ಕಡತವು ನಿರಾಕೃತವಾಯಿತು.

ಈ ಸಂದರ್ಭದಲ್ಲಿ ಟೊರ್ವಾಲ್ಡ್ಸ್ ಅವರು ಕೈಕೊಂಡ ಕ್ರಮವು ಗಮನಾರ್ಹವಾದುದು. ಅವರು 2005ರ ಅಕ್ಟೋಬರ್ 17ರಂದು 10ರ ಮಿತಿಯನ್ನು ನೇರವಾಗಿ 10,000ಕ್ಕೆ ಏರಿಸಿದರು. ಸಾಲು ಮಿತಿಯಿಲ್ಲದೆ ಬೆಳೆಯಲು ಎಡೆಗೊಡುವ ಹಳೆಯ ಕ್ರಮವು ಕಾರ್ಯಸಾಧುವಲ್ಲವೆಂದೂ, ಉತ್ತಮವಾದ ಬೇರೆ ಉಪಾಯವನ್ನು ಮುಂದೆ ಯೋಜಿಸಬೇಕೆಂದೂ ಆ ಬದಲಾವಣೆಯ ಟಿಪ್ಪಣಿಯಲ್ಲಿಯೇ ನಮೂದಿಸಿದರು. ಅಕ್ಟೋಬರ್ 27ರಂದು 2.6.14 ಹೊರಬಿದ್ದಿತು. ಯಂತ್ರದ ತತ್‌ಕ್ಷಣ ಪ್ರತಿಸ್ಪಂದನಕ್ಕೆ ಇದರಿಂದ ಧಕ್ಕೆಯೊದಗುವ ಸಂಭವವಿದ್ದಿತಾದರೂ, ಬಳಕೆದಾರನ ಕೆಲಸವು ಮೊದಲಿನಂತೆ ನಡೆಯುವುದಕ್ಕೆ ಆದ್ಯತೆ ದೊರೆಯಿತು.

ಶಾಶ್ವತ ಪರಿಹಾರವು 2006ರ ಮಾರ್ಚಿನಲ್ಲಿ ಬಂದಿತು. ಅದನ್ನು ಸಿದ್ಧಪಡಿಸಿದವರು ಶರ್ಮಾ ಅವರೇ. ಅದರ ಭಾಗಗಳು ಎರಡು. ಮೊದಲನೆಯದರಲ್ಲಿ, ಸಾಮಾನ್ಯ ಕಾಲದಲ್ಲಿ ಹತ್ತರ ಮಿತಿಯೇ ನಿಲ್ಲುತ್ತದೆ. ಸಾಲು 10,000ವನ್ನು ಮೀರಿದರೆ ಮಿತಿಯು ತಾನಾಗಿ ಸಡಿಲವಾಗಿ, ಸಾಲು 100ಕ್ಕೆ ಇಳಿದ ಬಳಿಕ ಪುನಃ ಜಾರಿಗೆ ಬರುತ್ತದೆ. ಎರಡನೆಯದರಲ್ಲಿ ಕಡತಗಳ ಎಣಿಕೆಯನ್ನು ವಿಸರ್ಜನೆಯ ಗಳಿಗೆಯಿಂದ ಬೇರ್ಪಡಿಸಲಾಯಿತು. ಇವೆರಡೂ 2006ರ ಮಾರ್ಚ್ 20ರಂದು ಪ್ರಕಟವಾದ 2.6.16ನೆಯ ಆವೃತ್ತಿಯಲ್ಲಿ ಸೇರಿದವು.

ಈ ಪ್ರಕರಣದಿಂದ ತಿಳಿದುಬರುವ ಮುಖ್ಯಾಂಶವಿದು: ದುರಸ್ತಿಯೊಂದು ಕರ್ನಲನ್ನು ಸೇರಲು ಎರಡು ಬಗೆಯ ಅರ್ಹತೆಗಳಿವೆ. ನಷ್ಟವನ್ನು ಕೂಡಲೇ ನಿಲ್ಲಿಸುವುದು ಒಂದು. ದೋಷದ ಮೂಲವನ್ನು ಸರಿಪಡಿಸುವುದು ಇನ್ನೊಂದು. ಎರಡನೆಯದು ಸಿದ್ಧವಾಗುವ ತನಕ ಮೊದಲನೆಯದನ್ನು ತಡೆಹಿಡಿದಿದ್ದರೆ, ಸುಮಾರು ಐದು ತಿಂಗಳ ಕಾಲ ಬಳಕೆದಾರನೇ ಅದರ ಬೆಲೆಯನ್ನು ತೆರಬೇಕಾಗುತ್ತಿದ್ದಿತು. ಮೊದಲನೆಯದರಲ್ಲಿಯೇ ತೃಪ್ತರಾಗಿದ್ದರೆ, ಶೀಘ್ರ ಪ್ರತಿಸ್ಪಂದನವೆಂಬ ನ್ಯಾಯವಾದ ಉದ್ದೇಶವು ನಷ್ಟವಾಗುತ್ತಿದ್ದಿತು. ಬೆಂಗಳೂರಿನ ತಂತ್ರಜ್ಞನ ಮೂಲ ಆಶಯವು ಅಕ್ಟೋಬರಿನಲ್ಲಿ ಬದಿಗೆ ಸರಿದರೂ, ಮಾರ್ಚಿನಲ್ಲಿ ತಿದ್ದಿದ ರೂಪದಿಂದ ಮರಳಿ ಸ್ಥಾಪಿತವಾಯಿತು.

ಇತಿಹಾಸದ ವಿದ್ಯಾರ್ಥಿಗಳು ಇದರಿಂದ ಗ್ರಹಿಸಬೇಕಾದ ಎಚ್ಚರಿಕೆಯೂ ಒಂದುಂಟು. 2.6.16ನ್ನು ಮಾತ್ರ ಓದಿದವನಿಗೆ ಅಲ್ಲಿ ಸುವ್ಯವಸ್ಥಿತವಾದ ರಚನೆ ಕಾಣುತ್ತದೆಯೇ ಹೊರತು, ಅದನ್ನು ಅನಿವಾರ್ಯಗೊಳಿಸಿದ ದೂರಾಗಲಿ, ನಡುವೆ ನಿಂತು ಹೊರೆಹೊತ್ತ ತಾತ್ಕಾಲಿಕ ಆಸರೆಯಾಗಲಿ ಕಾಣುವುದಿಲ್ಲ. ಉಳಿದು ನಿಂತ ಕಟ್ಟಡದಿಂದಲೇ ಅದರ ಚರಿತ್ರೆಯನ್ನು ಊಹಿಸುವವರು, ತೆಗೆದುಹಾಕಲ್ಪಟ್ಟ ಆಸರೆಗಳನ್ನೂ ಹುಡುಕುವುದು ಅಗತ್ಯ.