ಸಹಜ ಹೆರಿಗೆಗೆ ಪೂರ್ವಸಿದ್ಧತೆ: ವಿಶ್ರಾಂತಿ ಹಾಗೂ ಸ್ವಸಂಮೋಹನದ ಅಭ್ಯಾಸ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ಗರ್ಭಿಣಿಯರ ಮಾಹಿತಿಗಾಗಿ

ಉದ್ದೇಶ: ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚೆನಿಸುತ್ತದೆ. ಆರೋಗ್ಯವಂತ ಗರ್ಭಿಣಿಯರ ಹೆರಿಗೆ ನೋವಿನ ಶಮನಕ್ಕೆ ಸ್ನಾಯು ಸಡಿಲಿಕೆ ಹಾಗೂ ಉಸಿರಾಟದ ಕ್ರಮಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಶಿಫಾರಸು ಮಾಡಿರುತ್ತದೆ. ಸ್ವಸಂಮೋಹನವು ನಿದ್ರೆಯಲ್ಲ, ಎಚ್ಚರವಿದ್ದೇ ಮನಸ್ಸನ್ನು ಒಂದೆಡೆ ನಿಲ್ಲಿಸುವ ಕ್ರಮ.

ವಿಧಾನ:
1. ವೈದ್ಯರ ಸಲಹೆ ಪಡೆದು, ದಿನಕ್ಕೊಮ್ಮೆ ಎಡಮಗ್ಗುಲಿಗೆ ಮಲಗಿ ಕಣ್ಣು ಮುಚ್ಚುವುದು.
2. ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡುವುದು.
3. ಪಾದದಿಂದ ಹಣೆಯವರೆಗೆ ಒಂದೊಂದೇ ಅಂಗವನ್ನು ಸಡಿಲಿಸುವುದು.
4. ‘ನನ್ನ ಮೈ ಹಗುರವಾಗುತ್ತಿದೆ’ ಎಂದು ಮನದಲ್ಲೇ ಹೇಳಿಕೊಳ್ಳುವುದು.

ಸೌಲಭ್ಯಗಳು: ತಾಯಿ ಕಾರ್ಡ್ ಪಡೆಯಲು ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸತಕ್ಕದ್ದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್ ಸೇರಿದಂತೆ ಹೆರಿಗೆಯು ಸಂಪೂರ್ಣ ಉಚಿತ.

ಎಚ್ಚರಿಕೆ: ಈ ಅಭ್ಯಾಸವು ಆಸ್ಪತ್ರೆ ಹೆರಿಗೆಗೆ ಬದಲಿಯಲ್ಲ. ರಕ್ತಸ್ರಾವ, ತೀವ್ರ ತಲೆನೋವು, ಫಿಟ್ಸ್, ನೀರು ಹೋಗುವಿಕೆ ಅಥವಾ ಮಗುವಿನ ಚಲನೆ ಕಡಿಮೆಯಾಗುವಿಕೆ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಶಸ್ತ್ರಚಿಕಿತ್ಸೆ ಅಗತ್ಯವಾದಲ್ಲಿ ಅದನ್ನು ತಾಯಿಯ ಸೋಲೆಂದು ಯಾರೂ ಭಾವಿಸಬಾರದು.